ಪರ-ವಿರೋಧ: ಅಧ್ಯಾಪಕರಿಗೆ ಪೂರ್ಣ ಶೈಕ್ಷಣಿಕ ಸ್ವಾತಂತ್ರ್ಯ ಇರಬೇಕೆ?

ಪರ: ಕಲ್ಲಿನ ಮೇಲೆ ಇಸವಿ ಇಲ್ಲ

ಹಲ್ಮಿಡಿ ಶಾಸನದಲ್ಲಿ ಇಸವಿ ಇಲ್ಲ. ಇರುವುದು ಹದಿನಾರು ಸಾಲಿನ ಬರಹ. ಕದಂಬ ಕಾಕುಸ್ಥನ ಹೆಸರಿದೆ, ಕಾದಾಡಿ ಗೆದ್ದ ವಿಜ ಅರಸನಿಗೆ ಊರುಗಳನ್ನು ಬಾಳ್ಗಳ್ಚು, ಅಂದರೆ ವೀರನ ಕತ್ತಿ ತೊಳೆದು ಕೊಡುವ ದತ್ತಿಯಾಗಿ, ಕೊಟ್ಟ ವಿವರವಿದೆ, ವರ್ಷ ಮಾತ್ರ ಇಲ್ಲ. ನಾವೆಲ್ಲ ಬಾಯಿಪಾಠ ಮಾಡಿದ ಕ್ರಿ.ಶ. 450 ಎಂಬುದು ಅಕ್ಷರದ ಆಕಾರ, ಭಾಷೆ, ರಾಜನ ಕಾಲ ಎಲ್ಲ ನೋಡಿ ವಿದ್ವಾಂಸರು ಕಟ್ಟಿದ ಅಂದಾಜು. ಇಷ್ಟನ್ನು ತರಗತಿಯಲ್ಲಿ ಹೇಳಿದ್ದಕ್ಕೆ ನಾನೊಮ್ಮೆ ಪ್ರಾಂಶುಪಾಲರ ಕೊಠಡಿಯಲ್ಲಿ ನಿಂತು ವಿವರಣೆ ಕೊಡಬೇಕಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಸಂಪಾದಕರು ಪರ ಬರೆಯಿರಿ ಎಂದರು. ವಿರೋಧ ಬರೆಯಿರಿ ಎಂದಿದ್ದರೆ ಆಗುವುದಿಲ್ಲ ಅನ್ನುತ್ತಿದ್ದೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು, ಈ ವಿಷಯದಲ್ಲಿ ನನಗೆ ಎರಡನೆಯ ಮಾತಿಲ್ಲ.

ಶೈಕ್ಷಣಿಕ ಸ್ವಾತಂತ್ರ್ಯ ಎಂದ ಕೂಡಲೇ ನಮ್ಮ ಹಾಸನದ ಕಡೆ ಜನಕ್ಕೆ ನೆನಪಾಗುವುದು ಹನ್ನೊಂದಕ್ಕೆ ಬಂದು ಎರಡಕ್ಕೆ ಮನೆ ಸೇರುವ ಮೇಷ್ಟ್ರು. ಅದು ಮೈಗಳ್ಳತನ, ಅದಕ್ಕೆ ಬೇರೆ ಹೆಸರು ಬೇಡ. 1915ರಲ್ಲಿ ಅಮೆರಿಕದ ಪ್ರಾಧ್ಯಾಪಕರು ಸಂಘ ಕಟ್ಟಿಕೊಂಡು, ಜಾನ್ ಡ್ಯೂಯಿಯನ್ನು ಮೊದಲ ಅಧ್ಯಕ್ಷನನ್ನಾಗಿ ಮಾಡಿಕೊಂಡು, ಈ ಸ್ವಾತಂತ್ರ್ಯವನ್ನು ಮೂರು ಪಾಲು ಮಾಡಿ ಬರೆದಿಟ್ಟರು: ಸಂಶೋಧನೆ ಮಾಡುವುದು, ಪಾಠ ಹೇಳುವುದು, ಕಾಲೇಜಿನ ಗೇಟಿನಾಚೆ ನಾಗರಿಕನಾಗಿ ಮಾತಾಡುವುದು. ಅವರಿಗೆ ಅದನ್ನು ಬರೆಯಬೇಕೆನಿಸಲು ಕಾರಣಗಳಿದ್ದವು. 1900ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ರಾಸ್ ಎಂಬ ಅಧ್ಯಾಪಕ ಆಡಿದ ಮಾತು ಸಂಸ್ಥಾಪಕಿ ಜೇನ್ ಸ್ಟ್ಯಾನ್‌ಫರ್ಡ್‌ಗೆ ಹಿಡಿಸಲಿಲ್ಲ, ಅವನ ಕೆಲಸ ಹೋಯಿತು. ರಾಸ್ ಆಡಿದ್ದು ನನಗೂ ಹಿಡಿಸುವ ಮಾತಲ್ಲ, ಏಷ್ಯಾದಿಂದ ಬಂದ ಕೂಲಿಗಳ ವಿರುದ್ಧ ಆಡಿದ್ದು. ಆದರೆ ವಿಶ್ವವಿದ್ಯಾಲಯಕ್ಕೆ ದುಡ್ಡು ಹಾಕಿದವರ ಮುಖ ನೋಡಿಕೊಂಡೇ ಅರ್ಥಶಾಸ್ತ್ರ ಹೇಳಬೇಕು ಅಂತಾದರೆ ಅರ್ಥಶಾಸ್ತ್ರದ ಮೇಷ್ಟ್ರು ಯಾಕೆ ಬೇಕು, ಮುನೀಮ ಸಾಕು.

ಹಾಸನ ಬಸ್ ಸ್ಟ್ಯಾಂಡಿನ ಪಕ್ಕ ಟೀ ಕುಡಿಯುತ್ತಾ ಯಾರು ಏನು ಬೇಕಾದರೂ ಹೇಳಬಹುದು, ಅದು ಸಂವಿಧಾನ ಕೊಟ್ಟ ವಾಕ್ ಸ್ವಾತಂತ್ರ್ಯ. ಮೇಷ್ಟ್ರ ಸ್ವಾತಂತ್ರ್ಯ ಅದಕ್ಕಿಂತ ಇಕ್ಕಟ್ಟಿನದು. ರಸಾಯನಶಾಸ್ತ್ರದ ತರಗತಿಯಲ್ಲಿ ನಿಂತು ಜಾತಕ ಹೇಳಿ ಇದು ನನ್ನ ಶೈಕ್ಷಣಿಕ ಸ್ವಾತಂತ್ರ್ಯ ಅಂದರೆ ನಡೆಯುವುದಿಲ್ಲ. ತನ್ನ ಶಾಸ್ತ್ರದ ಒಳಗೆ, ಆಧಾರ ಮುಂದಿಟ್ಟುಕೊಂಡು, ಸಹೋದ್ಯೋಗಿಗಳು ತಪ್ಪು ಹಿಡಿಯಲಿ ಎಂದು ಎದೆ ಕೊಟ್ಟು ಹೇಳುವ ಮಾತಿಗೆ ಮಾತ್ರ ಈ ರಕ್ಷಣೆ. ತಪ್ಪು ಹಿಡಿಯುವವರು ಅದೇ ಶಾಸ್ತ್ರ ಓದಿದವರಾಗಿರಬೇಕು. ಊರ ಗೌಡರೋ ಮಂತ್ರಿಯೋ ಆದರೆ ಅದು ಪರಿಶೀಲನೆ ಅಲ್ಲ, ಪಂಚಾಯಿತಿ.

ಇತಿಹಾಸದವನಾದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಹನ್ನೆರಡನೆಯ ಶತಮಾನದಲ್ಲಿ ಇಟಲಿಯ ಬೊಲೋನ್ಯಕ್ಕೆ ಕಾನೂನು ಓದಲು ದೂರದೂರದ ಹುಡುಗರು ಬರುತ್ತಿದ್ದರು. ಆಗಿನ ಪದ್ಧತಿ ಹೇಗಿತ್ತೆಂದರೆ ಒಬ್ಬನ ಸಾಲಕ್ಕೆ ಅವನ ಊರಿನ ಇನ್ನೊಬ್ಬನನ್ನು ಹಿಡಿಯಬಹುದು. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಇದು ವಿದ್ಯಾರ್ಥಿಗಳಿಗೆ ಅನ್ವಯಿಸದು ಎಂದು ಶಾಸನ ಮಾಡಿದ. ಓದುವವನಿಗೆ ಸಿಕ್ಕ ಮೊದಲ ರಕ್ಷಣೆ ಬೇರೆಯವರ ಸಾಲದಿಂದ! ವಿಚಾರಕ್ಕೆ ರಕ್ಷಣೆ ಸಿಗಲು ಇನ್ನೂ ಬಹಳ ಕಾಲ ಬೇಕಾಯಿತು. 1277ರಲ್ಲಿ ಪ್ಯಾರಿಸ್ಸಿನ ಬಿಷಪ್ 219 ಪ್ರತಿಪಾದನೆಗಳ ಪಟ್ಟಿ ಮಾಡಿ ಇವನ್ನು ವಿಶ್ವವಿದ್ಯಾಲಯದಲ್ಲಿ ಹೇಳಕೂಡದು ಎಂದ. ಅದೇ ಶತಮಾನದ ಹಿಂದುಮುಂದಿನ ನಮ್ಮ ಕಡೆಯದನ್ನೂ ನೋಡಿ. ಬಳ್ಳಿಗಾವೆಯ ಕೋಡಿಮಠದ 1162ರ ಶಾಸನ ಅಲ್ಲಿ ವೇದ, ವ್ಯಾಕರಣದ ಜೊತೆ ಬೌದ್ಧ ದರ್ಶನವೂ ಸೇರಿ ಷಡ್ದರ್ಶನ ನಡೆಯುತ್ತಿತ್ತು ಅನ್ನುತ್ತದೆ. ಶೈವ ಮಠ ಅದು. ಎದುರಾಳಿಯ ಮಾತನ್ನೂ ಪಾಠವಾಗಿ ಹೇಳುವ ಧೈರ್ಯ ಈ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ. ಆ ಮಠದಲ್ಲಿ ಯಾರನ್ನೆಲ್ಲ ಒಳಗೆ ಕೂರಿಸುತ್ತಿದ್ದರು ಎಂಬ ಪ್ರಶ್ನೆ ಬೇರೆ, ಅದನ್ನು ಮರೆಯುವಂತಿಲ್ಲ.

ಇವತ್ತು ನಾವು ಬಳಸುವ ಅರ್ಥ ಗಟ್ಟಿಯಾದದ್ದು ಜರ್ಮನಿಯಲ್ಲಿ. 1810ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ಶುರುವಾಯಿತು. ಹುಂಬೋಲ್ಟ್ ಹಾಕಿದ ಆ ಪಾಯದ ಮೇಲೆ ಕಲಿಸುವ ಸ್ವಾತಂತ್ರ್ಯ, ಕಲಿಯುವ ಸ್ವಾತಂತ್ರ್ಯ ಎಂಬ ಎರಡು ಮಾತು ಎದ್ದು ನಿಂತವು. ಅದಕ್ಕೆ ಹದಿನಾರು ವರ್ಷ ಮುಂಚೆ ಪ್ರಷ್ಯದ ರಾಜ ತತ್ವಜ್ಞಾನಿ ಕಾಂಟ್‌ಗೆ ಪತ್ರ ಬರೆಸಿ ಧರ್ಮದ ವಿಷಯ ಮುಟ್ಟಬೇಡ ಎಂದಿದ್ದ. ಎಪ್ಪತ್ತರ ಆ ಮುದುಕ, ಮಹಾಪ್ರಭುಗಳ ನಿಷ್ಠಾವಂತ ಪ್ರಜೆಯಾಗಿ ಸುಮ್ಮನಿರುತ್ತೇನೆ ಎಂದು ಬರೆದುಕೊಟ್ಟ. ರಾಜ ತೀರಿಕೊಂಡ. ಕಾಂಟ್ ಮತ್ತೆ ಬರೆದ, ತಾನು ಮಾತು ಕೊಟ್ಟದ್ದು ಆ ರಾಜ ಇರುವ ತನಕ ಮಾತ್ರ ಎಂದ. ಇದನ್ನು ಓದಿದಾಗೆಲ್ಲ ನನಗೆ ನಗು ಬರುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ.

1837ರಲ್ಲಿ ಜರ್ಮನಿಯದೇ ಗೋಟಿಂಗನ್ ವಿಶ್ವವಿದ್ಯಾಲಯದ ಏಳು ಪ್ರಾಧ್ಯಾಪಕರು, ಹ್ಯಾನೋವರಿನ ರಾಜ ಸಂವಿಧಾನವನ್ನು ಕಿತ್ತುಹಾಕಿದ್ದನ್ನು ಒಪ್ಪುವುದಿಲ್ಲ ಎಂದು ಸಹಿ ಹಾಕಿ ಕೆಲಸ ಕಳೆದುಕೊಂಡರು. ಮಕ್ಕಳಿಗೆ ಕಥೆ ಹೇಳುವ ನಮಗೆಲ್ಲ ಗೊತ್ತಿರುವ ಗ್ರಿಮ್ ಸಹೋದರರಿಬ್ಬರೂ ಆ ಏಳರಲ್ಲಿದ್ದರು. ಅದೇ ಗೋಟಿಂಗನ್ನಿನಿಂದ 1933ರಲ್ಲಿ ನಾಜಿಗಳು ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್‌ನನ್ನು ಯಹೂದಿ ಎಂದು ಹೊರಗಟ್ಟಿದರು. ಎರಡು ವರ್ಷದ ಮೇಲೆ ಸಿ.ವಿ. ರಾಮನ್ ಕರೆದಿದ್ದಕ್ಕೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸುಮಾರು ಆರು ತಿಂಗಳು ಇದ್ದರು. ರಾಮನ್‌ಗೆ ಅವರನ್ನು ಇಲ್ಲೇ ಉಳಿಸಿಕೊಳ್ಳುವ ಆಸೆ. ಸಂಸ್ಥೆಯ ಒಳಗಿನ ಜಗಳದಲ್ಲಿ ಅದು ಕೈಗೂಡಲಿಲ್ಲ. ಮುಂದೆ ಅವರಿಗೆ ನೊಬೆಲ್ ಬಂತು. ನಾವು ಕಳಕೊಂಡದ್ದು ಏನು ಎಂದು ಯಾರೂ ಲೆಕ್ಕ ಹಾಕಲಿಲ್ಲ.

ವಿರೋಧಿಗಳ ದೊಡ್ಡ ವಾದ ಯಾವುದೆಂದು ನನಗೆ ಗೊತ್ತಿದೆ: ನಮ್ಮ ತೆರಿಗೆ ದುಡ್ಡಿನಲ್ಲಿ ಸಂಬಳ ತಿಂದು ನಮಗೇ ಬೈಯುತ್ತಾರೆ. ನ್ಯಾಯಾಧೀಶರಿಗೂ ತೆರಿಗೆ ದುಡ್ಡಿನಲ್ಲೇ ಸಂಬಳ. ತೀರ್ಪು ತೆರಿಗೆ ಕಟ್ಟಿದವನ ಪರವಾಗಿಯೇ ಬರಲಿ ಎಂದು ಯಾರಾದರೂ ಕೇಳುತ್ತಾರೆಯೇ? ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ನಾನು ಹೇಳುವ ಉದಾಹರಣೆ ಬೇರೆ. ಸೋವಿಯತ್ ದೇಶದಲ್ಲಿ ವಾವಿಲೋವ್ ಎಂಬ ವಿಜ್ಞಾನಿ ಇದ್ದ. ಜಗತ್ತಿನ ಮೂಲೆಮೂಲೆ ಸುತ್ತಿ ಗೋಧಿ, ಜೋಳ, ಆಲೂಗಡ್ಡೆ ಎನ್ನದೆ ಬೀಜ ಕೂಡಿಹಾಕಿದವನು. ತಳಿಶಾಸ್ತ್ರವೇ ಸುಳ್ಳು ಎನ್ನುವ ಲೈಸೆಂಕೊ ಎಂಬವನ ಮಾತು ಸ್ಟಾಲಿನ್‌ಗೆ ಹಿಡಿಸಿತು. ವಾವಿಲೋವ್‌ನನ್ನು 1940ರಲ್ಲಿ ಹಿಡಿದರು, 1943ರಲ್ಲಿ ಜೈಲಿನಲ್ಲೇ ಸತ್ತ. ಆ ದೇಶದ ಕೃಷಿವಿಜ್ಞಾನ ಮೇಲೇಳಲು ದಶಕಗಳು ಬೇಕಾದವು. ಮಳೆಗಾಲದಲ್ಲಿ ಅಂಗಮಾರಿ ಬಿದ್ದು ಹೊಲ ಕಪ್ಪಾದಾಗ ನಿಮಗೆ ಬೇಕಾದದ್ದು ನಿಜ ಹೇಳುವ ವಿಜ್ಞಾನಿಯೋ, ಮೇಲಿನವರಿಗೆ ಹಿತವಾದದ್ದು ಹೇಳುವವನೋ?

ಇನ್ನು ನನ್ನ ಕಥೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿಗಿಂತ ಹಳೆಯದು ಎಂದು ಪತ್ರಿಕೆಗಳಲ್ಲಿ ಬಂದ ಹೊಸತು. ಅಂತಿಮ ಬಿ.ಎ. ತರಗತಿಯಲ್ಲಿ ಎರಡನ್ನೂ ಹಲಗೆಯ ಮೇಲೆ ಬರೆದೆ. ಹಲ್ಮಿಡಿಯ ಕಾಲ ಊಹೆ, ತಾಳಗುಂದದ್ದೂ ಊಹೆ, ಊಹೆ ಹೇಗೆ ಮಾಡುತ್ತಾರೆ ನೋಡಿ ಎಂದು ಅಕ್ಷರಗಳ ತಲೆಕಟ್ಟು ಬಿಡಿಸಿ ತೋರಿಸಿದೆ. ನನ್ನ ಮಟ್ಟಿಗೆ ಅದು ಒಳ್ಳೆಯ ಪಾಠ. ಬೇಲೂರು ಕಡೆಯ ಹುಡುಗನೊಬ್ಬ ಮನೆಗೆ ಹೋಗಿ ನಮ್ಮ ಮೇಷ್ಟ್ರು ಹಲ್ಮಿಡಿ ಸುಳ್ಳು ಅಂದರು ಎಂದು ಹೇಳಿದನಂತೆ.

ಮುಂದಿನ ವಾರ ಎರಡು ಕಾರಿನಲ್ಲಿ ಜನ ಬಂದರು. ಪ್ರಾಂಶುಪಾಲರು ನನ್ನನ್ನು ಕರೆಸಿದರು. ಬಂದವರಲ್ಲಿ ಒಬ್ಬರು ಶಾಲು ಹೊದ್ದಿದ್ದರು, ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದರು. ಕನ್ನಡದ ಹೆಮ್ಮೆಗೆ ಮಸಿ ಬಳಿದಿದ್ದೇನೆ ಎಂಬುದು ದೂರು. ತಾಳಗುಂದವೂ ಕನ್ನಡದ್ದೇ ಅಲ್ಲವೇ, ಎಂಬತ್ತು ವರ್ಷ ಹಿಂದಕ್ಕೆ ಹೋದರೆ ಹೆಮ್ಮೆ ಹೆಚ್ಚಲ್ಲವೇ ಎಂದೆ. ಶಾಲಿನವರು, ಅದು ಶಿವಮೊಗ್ಗ ಜಿಲ್ಲೆ ಕಣ್ರೀ, ಅಂದರು. ಪ್ರಾಂಶುಪಾಲರು ಒಳ್ಳೆಯವರೇ. ಬಾಗಿಲವರೆಗೆ ಬಂದು ಮೆಲ್ಲಗೆ, ಯಾಕ್ರೀ ಮೇಷ್ಟ್ರೇ, ಸಿಲಬಸ್ಸಿನಲ್ಲಿ ಇದ್ದಷ್ಟು ಹೇಳಿದ್ರೆ ಸಾಲ್ದಾ, ಎಂದರು. ಸಂಜೆಯೊಳಗೆ ಲಿಖಿತ ವಿವರಣೆ ಕೊಡಿ ಎಂದು ಮೆಮೊ ಬಂತು.

ವಿವರಣೆ ಬರೆಯುವ ಬದಲು ಆ ಭಾನುವಾರ ಹದಿನೈದು ಮಕ್ಕಳನ್ನು ಕಟ್ಟಿಕೊಂಡು ಹಲ್ಮಿಡಿಗೇ ಹೋದೆ. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಲ್ಲಿರುವುದು ಪ್ರತಿಕೃತಿ. ಬಿಸಿಲಿತ್ತು. ಮಕ್ಕಳು ಸಾಲು ಸಾಲಾಗಿ ಬೆರಳಿಟ್ಟು ಓದಲು ಹೆಣಗುತ್ತಿದ್ದರು. ಹುಲ್ಲಿನ ಹೊರೆ ಇಳಿಸಿ ನಿಂತ ಮುದುಕರೊಬ್ಬರು ಬಹಳ ಹೊತ್ತು ನೋಡಿ, ಏನ್ ಹುಡುಕ್ತಾವ್ರೆ ಮಕ್ಳು, ಎಂದು ಕೇಳಿದರು. ಇಸವಿ ಎಂದೆ. ಐತಾ, ಅಂದರು. ಇಲ್ಲ ಅಂದೆ. ಹಂಗಾರೆ ಇಲ್ಲ ಅಂತ್ಲೇ ಹೇಳ್ಕೊಡಿ, ಎಂದು ಹೊರೆ ಎತ್ತಿಕೊಂಡು ಹೋದರು. ಬೇಲೂರು ತಾಲ್ಲೂಕಿನ ಅಭಿಪ್ರಾಯ ಅಂತ ತೆಗೆದುಕೊಂಡರೆ ನನಗೆ ಕಾರಿನಲ್ಲಿ ಬಂದವರಿಗಿಂತ ಇವರೇ ದೊಡ್ಡವರು.

ಕೊನೆಗೆ ಎರಡು ಸಾಲಿನ ವಿವರಣೆ ಕೊಟ್ಟೆ. ನನಗೆ ಶಿಕ್ಷೆಯೇನೂ ಆಗಲಿಲ್ಲ. ಸಂಬಳ ಬಂತು, ಬಡ್ತಿಯೂ ಬಂತು. ಹಾಗಾದರೆ ಸ್ವಾತಂತ್ರ್ಯಕ್ಕೆ ಧಕ್ಕೆ ಎಲ್ಲಿ ಎಂದು ಕೇಳುವವರಿದ್ದಾರೆ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಆಯಿತು, ಎರಡು ವರ್ಷ ತುಂಬುವ ಮೊದಲೇ ದುಡ್ಡಿಲ್ಲ, ಮುಚ್ಚೋಣ ಎಂಬ ಮಾತು ಬಂತು. ಅಂಥ ಕಡೆ ಕೆಲಸ ಮಾಡುವವನು ಏನು ಹೇಳಬೇಕು, ಏನು ಬಿಡಬೇಕು ಎಂದು ಯಾರೂ ಬಂದು ಹೇಳಬೇಕಾಗಿಲ್ಲ, ಅವನೇ ತಿಳಿದುಕೊಳ್ಳುತ್ತಾನೆ. ನಾನೂ ತಿಳಿದುಕೊಂಡೆ. ಮರುವರ್ಷ ಅದೇ ಪಾಠ ಬಂದಾಗ ಪುಸ್ತಕ ತೆರೆದು ಅದರಲ್ಲಿದ್ದ ಆರು ಸಾಲನ್ನು ಓದಿ ಮುಗಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಸಾರ್, ತಾಳಗುಂದದ್ದು, ಎಂದಳು. ಅದು ಪರೀಕ್ಷೆಗೆ ಬರಲ್ಲ, ಕೂತ್ಕೊಳಮ್ಮ, ಎಂದೆ.

– ನಿವೃತ್ತ ಇತಿಹಾಸ ಅಧ್ಯಾಪಕ, ಹಾಸನ

ವಿರೋಧ: ನಮ್ಮ ಮನೆಯೂ ಒಂದು ಕೆಂಪು ಚುಕ್ಕೆ

ಸಂಪಾದಕರು ಫೋನ್ ಮಾಡಿ, ಮೇಡಂ, ಪರ ಆಗಲೇ ಬುಕ್ ಆಯ್ತು, ವಿರೋಧ ನೀವು ಬರೀಬೇಕು, ಅಂದರು. ಮೊದಲು ಕೇಳಿದ್ದರೆ ನಾನೂ ಪರವನ್ನೇ ತೆಗೆದುಕೊಳ್ಳುತ್ತಿದ್ದೆ. ಸರಿ, ಒಪ್ಪಿಕೊಂಡ ಮೇಲೆ ಬರೆಯಲೇಬೇಕು. ಹೆಸರು ಹಾಕಬೇಡಿ ಅಂದಿದ್ದೇನೆ, ಮುಂದಿನ ತಿಂಗಳು ಅತಿಥಿ ಉಪನ್ಯಾಸಕರ ಕೌನ್ಸೆಲಿಂಗ್ ಇದೆ.

ಹಾಸನದ ಮೇಷ್ಟ್ರ ಲೇಖನವನ್ನು ಮೊದಲೇ ಕಳಿಸಿದ್ದರು. ಹಲ್ಮಿಡಿ ವಿಷಯ ನನಗೆ ಗೊತ್ತಿಲ್ಲ, ನಾನು ರಾಜ್ಯಶಾಸ್ತ್ರದವಳು. ಒಂದು ಕಲ್ಲಿನ ವಯಸ್ಸು ಎಂಬತ್ತು ವರ್ಷ ಹಿಂದೆಮುಂದೆ ಆದರೆ ಯಾರ ಮನೆಯ ಒಲೆಯೂ ಆರುವುದಿಲ್ಲ, ಹಾಗಾಗಿ ಅದನ್ನು ಬಿಡುತ್ತೇನೆ. ಅವರ ಬರಹ ಓದಿದರೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಟಿಫಿನ್ ಬಾಕ್ಸ್ ಬಿಚ್ಚುವ ಪ್ರತಿಯೊಬ್ಬರೂ ಒಬ್ಬೊಬ್ಬ ವಾವಿಲೋವ್ ಅನ್ನಿಸಿಬಿಡುತ್ತದೆ. ನಾನು ಹನ್ನೊಂದು ವರ್ಷದಿಂದ ಸ್ಟಾಫ್ ರೂಮಿನಲ್ಲಿದ್ದೇನೆ. ಇನ್ನೂ ಯಾರೂ ಕಂಡಿಲ್ಲ.

ವಾದಗಳನ್ನು ಹೇಳುತ್ತೇನೆ. ಒಂದನೆಯದು, ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ವಾಕ್ ಸ್ವಾತಂತ್ರ್ಯ ಕೊಟ್ಟಿದೆ, ಅದರ ಎರಡನೆಯ ಉಪವಿಧಿ ಅದಕ್ಕೆ ಮಿತಿಯನ್ನೂ ಹಾಕಿದೆ. ಆ ಮಿತಿ ಬಸ್ ಕಂಡಕ್ಟರಿಗೂ ಇದೆ, ಕೂಲಿಗೂ ಇದೆ. ಪ್ರಾಧ್ಯಾಪಕರಿಗೆ ಮಾತ್ರ ಅದರ ಮೇಲೊಂದು ಹೆಚ್ಚುವರಿ ಸ್ವಾತಂತ್ರ್ಯ ಯಾಕೆ? ಮೇಷ್ಟ್ರು ಜರ್ಮನಿಯ ಕಥೆಯನ್ನು 1933ಕ್ಕೆ ನಿಲ್ಲಿಸಿದ್ದಾರೆ. ಅಷ್ಟೆಲ್ಲ ಅನುಭವಿಸಿದ ಮೇಲೆ 1949ರಲ್ಲಿ ಪಶ್ಚಿಮ ಜರ್ಮನಿ ಬರೆದುಕೊಂಡ ಸಂವಿಧಾನದ 5ನೇ ವಿಧಿ ಕಲೆ, ವಿಜ್ಞಾನ, ಸಂಶೋಧನೆ, ಬೋಧನೆ ಸ್ವತಂತ್ರ ಅನ್ನುತ್ತದೆ. ಅದರ ಮರುವಾಕ್ಯವೇ ಬೋಧನೆಯ ಸ್ವಾತಂತ್ರ್ಯ ಯಾರನ್ನೂ ಸಂವಿಧಾನನಿಷ್ಠೆಯಿಂದ ಬಿಡುಗಡೆ ಮಾಡುವುದಿಲ್ಲ ಎನ್ನುತ್ತದೆ. ಪೂರ್ಣ ಸ್ವಾತಂತ್ರ್ಯ ಆ ಮಾತು ಹುಟ್ಟಿದ ಊರಲ್ಲೇ ಇಲ್ಲ.

ಎರಡನೆಯದು, ಈ ಸ್ವಾತಂತ್ರ್ಯ ಯಾರದು ಎಂಬುದೇ ಇತ್ಯರ್ಥವಾಗಿಲ್ಲ. 1957ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ವಿಶ್ವವಿದ್ಯಾಲಯದ ನಾಲ್ಕು ಸ್ವಾತಂತ್ರ್ಯ ಅಂತ ಎತ್ತಿ ಹೇಳಿದರು: ಯಾರು ಕಲಿಸಬೇಕು, ಏನು ಕಲಿಸಬೇಕು, ಹೇಗೆ ಕಲಿಸಬೇಕು, ಯಾರನ್ನು ಸೇರಿಸಿಕೊಳ್ಳಬೇಕು. ನಾಲ್ಕೂ ಸಂಸ್ಥೆಯವು, ಮೇಷ್ಟ್ರವಲ್ಲ. ಹಾಗಾದರೆ ಯಾರು ಕಲಿಸಬೇಕು ಎಂಬ ಸ್ವಾತಂತ್ರ್ಯದಲ್ಲೇ ಸಂಸ್ಥೆ ಮೇಷ್ಟ್ರನ್ನು ಮನೆಗೂ ಕಳಿಸಬಹುದಲ್ಲ.

ಮೂರನೆಯದು ಮಕ್ಕಳ ವಯಸ್ಸು, ಹದಿನೆಂಟು ಹತ್ತೊಂಬತ್ತರವರಿಗೆ ಮೇಷ್ಟ್ರು ಹೇಳಿದ್ದೇ ವೇದವಾಕ್ಯ ಇತ್ಯಾದಿ. ಇದನ್ನು ಬರೆಯಲೇಬೇಕಲ್ಲ ಅಂತ ಬರೆದೆ. ನನ್ನ ತರಗತಿಯ ಮಕ್ಕಳು ನಾನು ಹೇಳಿದ್ದನ್ನು ಅಷ್ಟು ಸುಲಭಕ್ಕೆ ನಂಬಿದ್ದು ನನಗೆ ನೆನಪಿಲ್ಲ.

ಇನ್ನು ನನಗೆ ನಿಜವಾಗಿ ಅನ್ನಿಸುವುದು. ಈ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದೇವೆ. 2022ರಲ್ಲಿ ಗೌರವಧನ ಏರಿಸಿದರು, ಜೊತೆಗೆ ವಾರದ ಪಾಠವನ್ನು 15 ಗಂಟೆಗೆ ಏರಿಸಿದರು. ಇಬ್ಬರ ಕೆಲಸ ಒಬ್ಬರಿಗೆ ಹೋಯಿತು, ಇನ್ನೊಬ್ಬರು ಮನೆಗೆ ಹೋದರು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಸಿಲಬಸ್ ಬಂತು, 2024ರಲ್ಲಿ ಅದು ಹೋಗಿ ಮತ್ತೆ ಮೂರು ವರ್ಷದ ಪದವಿ ಬಂತು. ಎರಡು ಸಲವೂ ರಾತ್ರಿ ಕೂತು ಹೊಸ ನೋಟ್ಸ್ ಮಾಡಿದವರು ನಾವು. ನಮ್ಮಲ್ಲಿ ಒಬ್ಬ ಕಾಯಂ ಪ್ರಾಧ್ಯಾಪಕರಿದ್ದರು, ಯಾವ ಕಾಲೇಜು ಎಂದು ಕೇಳಬೇಡಿ. ಅವರ ನೋಟ್ಸ್ ಹಾಳೆ ಅರಿಶಿನದ ಬಣ್ಣಕ್ಕೆ ತಿರುಗಿತ್ತು, ಮಡಿಕೆಯಲ್ಲಿ ಸೆಲ್ಲೊಟೇಪ್ ಅಂಟಿಸಿದ್ದರು. ಅದರಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಒಡೆದಿರಲಿಲ್ಲ. ಸಾರ್, ಇದು ಬದಲಾಗಿದೆಯಲ್ಲ ಎಂದಿದ್ದಕ್ಕೆ, ನನ್ನ ಕ್ಲಾಸಿನಲ್ಲಿ ಏನು ಹೇಳ್ಬೇಕು ಅನ್ನೋದು ನನಗೆ ಬಿಟ್ಟಿದ್ದು ಕಣಮ್ಮ, ಅಂದರು. ಮೇಷ್ಟ್ರು ಅದನ್ನು ಮೈಗಳ್ಳತನ ಎಂದು ಒಂದು ಸಾಲಿನಲ್ಲಿ ಗುಡಿಸಿ ಹಾಕಿದ್ದಾರೆ. ನಾನು ನೋಡಿದ ಶೈಕ್ಷಣಿಕ ಸ್ವಾತಂತ್ರ್ಯ ಮುಕ್ಕಾಲು ಪಾಲು ಅದೇ.

ಇದೂ ದೊಡ್ಡದಲ್ಲ. ನಾನು ಹೇಳಬೇಕಾದದ್ದು ಅಪ್ಪನ ವಿಷಯ.

ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಹಿಡುವಳಿ. ಅದಕ್ಕೆ ಅಂಟಿಕೊಂಡ ಒಂದೂವರೆ ಎಕರೆ ಸರ್ಕಾರಿ ಜಾಗವನ್ನು ಅಜ್ಜನ ಕಾಲದಿಂದ ಮಾಡಿಕೊಂಡು ಬಂದಿದ್ದೇವೆ. ಅಪ್ಪ ಪೋಸ್ಟ್‌ಮ್ಯಾನ್ ಆಗಿದ್ದವರು. ಆ ಜಾಗವನ್ನು ನಮ್ಮ ಹೆಸರಿಗೆ ಸಕ್ರಮ ಮಾಡಿಕೊಡಿ ಎಂದು ಫಾರಂ 53ರಲ್ಲಿ ಅರ್ಜಿ ಹಾಕಿದ್ದರು, ಆಗಲಿಲ್ಲ. 2018ರಲ್ಲಿ ಫಾರಂ 57 ಹಾಕಿ ಕಾಯುತ್ತಿದ್ದರು. ಮಲೆನಾಡಿನಲ್ಲಿ ಇಂಥ ಮನೆ ನಮ್ಮದೊಂದೇ ಅಲ್ಲ, ಪ್ರತಿ ಹಳ್ಳದ ಬದಿಯಲ್ಲೂ ಒಂದಿದೆ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಗಾಡ್ಗೀಳ್ ವರದಿ 2011ರಲ್ಲಿ ಬಂತು, ಕಸ್ತೂರಿರಂಗನ್ ವರದಿ 2013ರಲ್ಲಿ ಬಂತು. ರಾಜ್ಯದ 1,576 ಹಳ್ಳಿ ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಗೆ ಸೇರಿದಾಗ ಇಲ್ಲಿ ಬಂದ್ ಆಯಿತು, ಮೆರವಣಿಗೆ ಆಯಿತು. ವರದಿಯಲ್ಲಿ ಏನಿದೆ ಎಂದು ಬಹಳ ಜನ ಓದಿರಲಿಲ್ಲ, ಓದಿದವರೂ ಹೆದರಿಕೆ ಬಿಡಲಿಲ್ಲ. ಕಾಡು ಉಳಿಯಬೇಕು ಎಂಬುದರಲ್ಲಿ ನನಗೆ ಸಂಶಯ ಇಲ್ಲ, ಗುಡ್ಡ ಜರಿದು ಬೀಳುವುದನ್ನು ನೋಡಿದವಳು ನಾನು.

ಅದಾಗಿ ಕೆಲವು ವರ್ಷದ ಮೇಲೆ ಒಂದು ಡಿಸೆಂಬರಿನಲ್ಲಿ ಹೊರಗಿನ ಒಂದು ವಿಶ್ವವಿದ್ಯಾಲಯದಿಂದ ಸಂಶೋಧಕರೊಬ್ಬರು ನಮ್ಮೂರಿಗೆ ಬಂದರು. ಕಣದಲ್ಲಿ ಕಾಫಿ ಒಣಗಲು ಹಾಕಿದ್ದ ಕಾಲ. ಅಪ್ಪ ಅಂಗಳದಲ್ಲೇ ಚಾಪೆ ಹಾಸಿ ಕೂರಿಸಿದರು. ಎರಡು ದಿನ ಇದ್ದರು, ನಮ್ಮನೆಯಲ್ಲೇ ಅಕ್ಕಿ ರೊಟ್ಟಿ ಕಾಯಿಚಟ್ನಿ ತಿಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಎಷ್ಟು ಎಕರೆ, ಎಷ್ಟು ಗಿಡ, ನೀರು ಎಲ್ಲಿಂದ, ಅಜ್ಜ ಯಾವಾಗ ಬಂದರು, ಎಲ್ಲ ಕೇಳಿದರು. ಅಪ್ಪ ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದರು. ಪಹಣಿ, ಫಾರಂನ ರಸೀದಿ, ಎಲ್ಲ ಟ್ರಂಕಿನಿಂದ ತೆಗೆದು ತೋರಿಸಿದರು. ಓದಿದವರು ಬಂದು ನಮ್ಮ ಕಷ್ಟ ಬರೆಯುತ್ತಾರೆ ಎಂಬ ಖುಷಿ.

ಮಾರನೆಯ ವರ್ಷ ಲೇಖನ ಬಂತು. ಇಂಗ್ಲಿಷಿನಲ್ಲಿ. ನನ್ನ ಗೆಳತಿಯೊಬ್ಬಳು ವಾಟ್ಸಾಪಿನಲ್ಲಿ ಕಳಿಸಿದಳು. ಅದರಲ್ಲಿ ಒಂದು ನಕ್ಷೆ, ನಕ್ಷೆಯಲ್ಲಿ ಕೆಂಪು ಚುಕ್ಕೆಗಳು. ಕೆಂಪು ಎಂದರೆ ಒತ್ತುವರಿ. ನಮ್ಮ ಮನೆಯೂ ಒಂದು ಕೆಂಪು ಚುಕ್ಕೆ. ಹೆಸರು ಹಾಕಿರಲಿಲ್ಲ. ಹಳ್ಳದ ಬದಿಯ ಮನೆ, ನಿವೃತ್ತ ಅಂಚೆ ನೌಕರ ಎಂದಿತ್ತು. ನಮ್ಮ ಹಳ್ಳದ ಬದಿಯಲ್ಲಿ ನಿವೃತ್ತ ಅಂಚೆ ನೌಕರರು ಎಷ್ಟು ಜನ ಇದ್ದಾರೆ ಅಂತೀರಿ? ಸಕ್ರಮಕ್ಕೆ ಅರ್ಜಿ ಹಾಕಿದ ಸಂಗತಿ ಇಡೀ ಲೇಖನದಲ್ಲಿ ಎಲ್ಲೂ ಇರಲಿಲ್ಲ.

ಎರಡು ತಿಂಗಳ ಮೇಲೆ ಅರಣ್ಯದವರು ಬಂದು ಅಳತೆ ಮಾಡಿಕೊಂಡು ಹೋದರು. ಲೇಖನಕ್ಕೂ ಅದಕ್ಕೂ ಸಂಬಂಧ ಇದೆ ಎಂದು ನಾನು ಸಾಬೀತು ಮಾಡಲಾರೆ, ಇಲ್ಲದೆಯೂ ಇರಬಹುದು. ಅಪ್ಪನಿಗೆ ಮಾತ್ರ ಇದೆ ಎಂದೇ ಅನ್ನಿಸಿತು. ನಾನು ಆ ವಿಭಾಗಕ್ಕೆ ಫೋನ್ ಮಾಡಿದೆ. ಯಾರಿಗೆ ದೂರು ಕೊಡಬೇಕು ಎಂದು ಕೇಳಿದೆ. ಫೋನ್ ಎತ್ತಿದವರು ಬಹಳ ಸೌಜನ್ಯದಿಂದಲೇ, ಅದು ಅಧ್ಯಾಪಕರ ಶೈಕ್ಷಣಿಕ ಸ್ವಾತಂತ್ರ್ಯ ಮೇಡಂ, ವಿಭಾಗ ಅದರಲ್ಲಿ ಕೈ ಹಾಕೋದಿಲ್ಲ, ಎಂದರು. ಆ ಪದವನ್ನು ನಾನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆ. ನನ್ನ ಮನೆ ಬಾಗಿಲಿಗೆ ಅದು ಬಂದದ್ದು ಅದೇ ಮೊದಲು.

ಮೇಷ್ಟ್ರು ಹೇಳುತ್ತಾರೆ, ತಪ್ಪು ಹಿಡಿಯುವವರು ಅದೇ ಶಾಸ್ತ್ರ ಓದಿದವರಾಗಿರಬೇಕು, ಇಲ್ಲದಿದ್ದರೆ ಅದು ಪಂಚಾಯಿತಿ ಎಂದು. ನಮ್ಮಪ್ಪ ಆ ಶಾಸ್ತ್ರ ಓದಿಲ್ಲ. ಆದರೆ ಆ ಲೇಖನದಲ್ಲಿ ತಪ್ಪು ಎಲ್ಲಿದೆ ಎಂದು ಇಡೀ ಜಗತ್ತಿನಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೆ. ಔಷಧಿ ಪ್ರಯೋಗ ಮಾಡಬೇಕಾದರೆ ನೈತಿಕ ಸಮಿತಿ ಇದೆ, ರೋಗಿಯ ಒಪ್ಪಿಗೆ ಪತ್ರ ಬೇಕು, ಅವನ ಭಾಷೆಯಲ್ಲೇ ವಿವರಿಸಿ ಹೇಳಬೇಕು. ಅಂಗಳದಲ್ಲಿ ಕೂತು ಒಬ್ಬನ ಜಮೀನಿನ ಲೆಕ್ಕ ಬರೆದುಕೊಳ್ಳುವವರಿಗೂ ಅಂಥದ್ದೊಂದು ಇರಲಿ. ಅದಕ್ಕೆ ಕಡಿವಾಣ ಅಂತ ಬೇಕಾದರೆ ಕರೆಯಿರಿ. ಸಂಪಾದಕರು ಕೊಟ್ಟ ಪ್ರಶ್ನೆಯಲ್ಲಿ ಪೂರ್ಣ ಎಂಬ ಶಬ್ದ ಇರದೇ ಹೋಗಿದ್ದರೆ ನನಗೆ ಬರೆಯಲು ಇಷ್ಟೂ ಇರುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಇನ್ನೊಂದು ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಪಿಎಚ್‌ಡಿಗೆಂದು ಊರಿಗೆ ಬಂದಿದ್ದಳು. ಅಪ್ಪ ಅವಳನ್ನೂ ಚಾಪೆಯ ಮೇಲೆ ಕೂರಿಸಿ ಬೆಲ್ಲದ ಕಾಫಿ ಕೊಟ್ಟರು, ತೋಟ ಸುತ್ತಾಡಿಸಿದರು, ಮೆಣಸಿನ ಬಳ್ಳಿ ಕಟ್ಟುವುದು ತೋರಿಸಿದರು. ಎಷ್ಟು ಎಕರೆ ಅಜ್ಜ, ಎಂದು ಅವಳು ಪುಸ್ತಕ ತೆಗೆದಾಗ ನನ್ನ ಕಡೆ ಒಮ್ಮೆ ನೋಡಿ, ಸರಿಯಾಗಿ ನೆನಪಿಲ್ಲ ಮಗಾ, ಅಂದರು.

– ಅತಿಥಿ ಉಪನ್ಯಾಸಕಿ, ಚಿಕ್ಕಮಗಳೂರು